ಬಾಯಿಲೆ ಮಾಡಿ ತೋರ್ಸು

ಮಖ್ತಲ್‌ನಲ್ಲಿ ರಾಯಚೂರು ರಸ್ತೆಯ ಪಕ್ಕ ದೊಡ್ಡ ದೊಡ್ಡ ಗಂಡಸರು ನಿಂತು ಬಾಯಿಯಿಂದ ಚಿತ್ರವಿಚಿತ್ರ ಸದ್ದು ಹೊರಡಿಸುತ್ತಿದ್ದರೆ, ಅದೇ ಖಾಜಾ ಮೇಸ್ತ್ರಿಯ ಮೋಟಾರ್‌ಸೈಕಲ್ ರಿಪೇರಿ ಅಂಗಡಿ. ಬಿಳಿ ಧೋತರದ ಗೌಡರು "ಕಿಚ್ ಕಿಚ್ ಕಿಚ್" ಎನ್ನುವರು. ಹಾಲು ಮಾರುವವನು ಕೆನ್ನೆ ಉಬ್ಬಿಸಿ "ಫಡ್ ಫಡ್" ಎನ್ನುವನು. ಒಬ್ಬ ಸಾಲಿ ಮಾಸ್ತರರು ಅತ್ತಿತ್ತ ನೋಡಿ, ತಮ್ಮ ಹುಡುಗರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕುರಿಮರಿಯಂತೆ ಅರಚಿದ್ದನ್ನು ನಾನೇ ಕಂಡಿದ್ದೇನೆ.

ಗಾಡಿಯಲ್ಲಿ ಏನೋ ಸದ್ದು ಬರುತ್ತಿದೆ ಎಂದು ಯಾರು ಬಂದರೂ ಮೇಸ್ತ್ರಿ ಮೊದಲು ಗಾಡಿ ಮುಟ್ಟುತ್ತಿರಲಿಲ್ಲ. ಮಗುಚಿ ಹಾಕಿದ ಆಯಿಲ್ ಡಬ್ಬಿಯ ಮೇಲೆ ಕೂತು, ಬಂದವನನ್ನು ಬೆಳಕಿಗೆ ಮುಖ ಮಾಡಿ ನಿಲ್ಲಿಸಿ, "ಹಾಂ, ಬಾಯಿಲೆ ಮಾಡಿ ತೋರ್ಸು" ಎನ್ನುತ್ತಿದ್ದರು.

"ಗಾಡಿ ಚಾಲೂ ಮಾಡ್ಲೇನು ಚಾಚಾ?"

"ಬ್ಯಾಡ. ಗಾಡಿ ನನ್ನ ಮುಂದ ಶಾಣ್ಯಾ ಆಗ್ತೈತಿ, ಡಾಕ್ಟರ್ ಮುಂದ ಕೆಮ್ಮು ನಿಂತಂಗ. ದಿನಾ ಅದರ ಮ್ಯಾಲ ಕುಂದರಾವ ನೀನು. ನೀ ಮಾಡು."

ಮಾಡಿದರೆ, "ಇನ್ನೊಮ್ಮೆ. ಹಲ್ಲು ಬಿಡು. ಹಾಂ, ಎಂಜಿನ್ ಟ್ಯಾಪೆಟ್ ಸಡ್ಲ ಐತಿ" ಎಂದು ಬೋಲ್ಟ್ ತಿರುವುವ ಪಾನಾ ಹಿಡಿದು ಏಳುವರು. "ಪೂರಾ ಬಿಚ್ಚೋದು ಎಲ್ಲಾರಿಗೂ ಬರ್ತೈತಿ. ಏನು ಬಿಚ್ಚಬಾರದು ಅನ್ನೋದು ಕಲೀಬೇಕು" ಎನ್ನುವುದು ಅವರ ಮಾತು. ಬಗ್ಗಿ ಕೆಲಸ ಮಾಡುವಾಗ ಏನು ಕೇಳಿದರೂ ಉತ್ತರ ಕೊಡುತ್ತಿರಲಿಲ್ಲ. ಅದು ಮೇಸ್ತ್ರಿಯ ಗತ್ತು ಎಂದುಕೊಂಡಿದ್ದೆವು. ನಾರಾಯಣಪೇಟೆಯಿಂದ, ಧನ್ವಾಡದಿಂದ, ಹೊಳೆಯಾಚೆ ಗದ್ವಾಲದಿಂದಲೂ ಜನ ಬರುತ್ತಿದ್ದರು. ಖಾಜಾನ ಕಿವಿ ಅಂದರೆ ನಮ್ಮ ಕಡೆ ಅಷ್ಟು ಹೆಸರು.

ನಾನು ಮತ್ತು ನನ್ನ ಹೆಂಡತಿ ಮಾದೇವಿ ನಾರಾಯಣಪೇಟೆಯ ಮಗ್ಗದ ಮನೆಗಳಿಂದ ಸೀರೆ ತೆಗೆದುಕೊಂಡು ಗದ್ವಾಲದಲ್ಲಿ ಮನೆಮನೆಗೆ ಮಾರುತ್ತೇವೆ. ಗಂಟು ನನ್ನ ಮುಂದೆ, ಟ್ಯಾಂಕಿನ ಮೇಲೆ; ಮಾದೇವಿ ಹಿಂದೆ. ಒಂದು ಸಲ ಗಾಡಿಯಲ್ಲಿ ಸದ್ದು ಶುರುವಾಯಿತು. ನಾನೊಬ್ಬನೇ ಹೋದರೆ ಇಲ್ಲ, ಅವಳು ಕೂತರೆ ಮಾತ್ರ. ಹೆಲ್ಮೆಟ್ಟಿನೊಳಗೆ ನನಗೆ ಸರಿಯಾಗಿ ಕೇಳಿಸುತ್ತಲೂ ಇರಲಿಲ್ಲ. ಅವಳಿಗಂತೂ ಜೀವದಲ್ಲಿ ಜೀವ ಇರಲಿಲ್ಲ. "ಕೆಳಗ ಏನೋ ಸಾಯಾಕತ್ತೈತಿರೀ. ನಾ ಇನ್ನ ಕುಂದರಂಗಿಲ್ಲ" ಎಂದು ಹಟ ಹಿಡಿದಳು. ಅವಳು ಬಾರದಿದ್ದರೆ ವ್ಯಾಪಾರವಿಲ್ಲ. ಮನೆಯೊಳಗೆ ಹೋಗಿ ಹೆಂಗಸರ ಮುಂದೆ ಸೀರೆ ಬಿಡಿಸುವವಳು ಅವಳೇ.

ಸಂಗತಿ ಕೇಳಿ ಪಕ್ಕದ ಚಹಾದಂಗಡಿಯ ಭೀಮಪ್ಪ ನಕ್ಕ. "ಹೆಂಡ್ತಿ ಕುಂತ್ರ ಸದ್ದು ಬರೂದು ಎಲ್ಲಾರ ಗಾಡ್ಯಾಗೂ ಐತಿ ತಮ್ಮಾ. ಅದಕ ರಿಪೇರಿ ಇಲ್ಲ."

ಮೇಸ್ತ್ರಿ ಮಾದೇವಿಯ ಕಡೆ ತಿರುಗಿದರು. "ಕೇಳಿದಾಕಿ ನೀನು. ನೀನೇ ಮಾಡಿ ತೋರ್ಸು ಬೇಟಿ."

ಹಿರಿಯರ ಎದುರು, ಅದೂ ಅಷ್ಟು ಗಂಡಸರ ನಡುವೆ! ಮಾದೇವಿ ಸೆರಗು ಬಾಯಿಗೆ ಹಿಡಿದು, ಅದರೊಳಗೇ ಏನೋ ಸದ್ದು ಮಾಡಿದಳು. ಮೇಸ್ತ್ರಿ ಮುಂದೆ ಬಾಗಿದರು. "ಇನ್ನೊಮ್ಮೆ" ಅಂದರು. ಅವಳು ಸೆರಗನ್ನು ಇನ್ನೂ ಬಿಗಿ ಹಿಡಿದು ಇನ್ನೊಮ್ಮೆ ಮಾಡಿದಳು. ಅವರು ನನ್ನ ಮುಖ ನೋಡಿದರು, ಗಾಡಿ ನೋಡಿದರು. ಆಮೇಲೆ "ಚೈನು" ಎಂದು ಬಿಗಿ ಮಾಡಿ ಕಳಿಸಿದರು.

ಗದ್ವಾಲಕ್ಕೆ ಜೂರಾಲ ಅಣೆಕಟ್ಟೆಯ ಮೇಲೆ ಹೋಗುವಾಗ ಪಕ್ಕದ ಗೋಡೆಗೆ ಬಡಿದು ಬಂದ ಸದ್ದು ಈಗ ನನಗೂ ಕೇಳಿಸಿತು. ಕಾಳು ಹಾಕದೆ ಬೀಸುಕಲ್ಲು ತಿರುವಿದಂತೆ, ಗಂಟಲಾಳದಿಂದ ಬಂದಂತೆ. ದೊಡ್ಡವನಾದ ಮೇಲೆ ಅಕ್ಷರ ಕಲಿತವನು ನಾನು. ಆ ಸದ್ದನ್ನು ಬರೆಯಲು ಮೊಬೈಲಿನಲ್ಲಿ ಯಾವ ಅಕ್ಷರ ಒತ್ತಬೇಕೋ ಈಗಲೂ ತಿಳಿಯುತ್ತಿಲ್ಲ. ಗಾಡಿ ನಿಲ್ಲಿಸಿದೆ.

"ಚಾಚಾ ಎಂದೂ ತಪ್ಪಿದಾವರಲ್ಲ" ಅಂದೆ.

ಮಾದೇವಿ ನೀರಿನ ಕಡೆ ನೋಡುತ್ತ ನಿಂತಿದ್ದಳು. "ಚಾಚಾಗ ಕಿವಿ ಕೇಳಸಂಗಿಲ್ರೀ" ಅಂದಳು.

"ಹುಚ್ಚಿ ಏನು ನೀ?"

"ನಮ್ಮಪ್ಪಗ ಕಿವಿ ಹೋಗಿತ್ತಲ್ಲ, ಆತನೂ ಹಿಂಗೇ ನೋಡ್ತಿದ್ದ. ಬಾಯಿ ನೋಡಿ ಮಾತು ಹಿಡೀತಿದ್ದ. ಚಾಚಾ ನನ್ನ ಸೆರಗ ನೋಡಿ ನೋಡಿ ಸೋತ್ರು. ಸೆರಗ ತಗೀ ಅಂತ ಹೆಣ್ಮಗಳಿಗೆ ಹ್ಯಾಂಗ ಅಂತಾರ್ರೀ?"

ನಾನು ಗೋಡೆಗೆ ಒರಗಿ ಕೂತೆ. ಬೆಳಕಿಗೆ ಮುಖ ಮಾಡಿ ನಿಲ್ಲಿಸುವುದು. ಹಲ್ಲು ಬಿಡು ಅನ್ನುವುದು. ಹಿಂದೆ ಲಾರಿ ಹಾರ್ನ್ ಹೊಡೆದರೂ ತಿರುಗದಿರುವುದು. ಎಲ್ಲ ಒಂದೊಂದಾಗಿ ನೆನಪಾಯಿತು. ನಾಲಿಗೆ ಎಲ್ಲಿ ತಾಗಿತು, ತುಟಿ ಹೇಗೆ ಒಡೆಯಿತು, ಅದನ್ನು ನೋಡಿ ಅವರು ಸದ್ದು ಹಿಡಿಯುತ್ತಿದ್ದರು. ಮೇಸ್ತ್ರಿಗೆ ಕಿವಿ ಇಲ್ಲವೆಂದು ಊರಿಗೆ ಗೊತ್ತಾದರೆ ಸದ್ದಿನ ಗಾಡಿ ತೆಗೆದುಕೊಂಡು ಅವರ ಬಳಿ ಯಾರು ಬರುತ್ತಾರೆ? ಅಂಗಡಿ ಮುಗಿದಂತೆಯೇ.

"ಯಾರಿಗೂ ಅನ್ನಬ್ಯಾಡ್ರಿ. ನಾಳೆ ಮತ್ತ ಹೋಗೂಣು" ಅಂದಳು ಮಾದೇವಿ. ಹೆದರುತ್ತಲೇ ನಿಧಾನವಾಗಿ ವಾಪಸು ಬಂದೆವು.

ಮರುದಿನ ನಮ್ಮನ್ನು ಕಂಡದ್ದೇ ಭೀಮಪ್ಪ ಎಲ್ಲರಿಗೂ ಕೇಳುವಂತೆ, "ಏನ್ರೋ, ಖಾಜಾನ ಕಿವಿ ಸೋತೈತೇನು?" ಅಂದ. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಮೇಸ್ತ್ರಿ ಡಬ್ಬಿಯ ಮೇಲೆ ಕೂತೇ ಇದ್ದರು. ಅವನ ಬಾಯಿ ಅವರಿಗೂ ಕಂಡಿರಬೇಕು, ಮುಖ ಬಿಳಿಚಿತು.

"ಸೋತದ್ದು ನನ್ನ ಬಾಯಿರೀ ಅಣ್ಣಾ" ಅಂದಳು ಮಾದೇವಿ. "ನಿನ್ನಿ ನಾಚಕೊಂಡು ತಪ್ಪು ಸದ್ದು ಮಾಡೀನಿ. ಪಾಪ, ಚಾಚಾ ಏನು ಮಾಡ್ತಾರ?"

ಹಾಗೆಂದವಳೇ ಮೇಸ್ತ್ರಿಯ ಎದುರು, ಬೆಳಕಿಗೆ ಮುಖ ಮಾಡಿ ನಿಂತಳು. ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಗದ್ದ ಮೇಲೆತ್ತಿ, ಗಂಟಲು ಕಾಣುವಂತೆ, ಅಷ್ಟು ಗಂಡಸರ ಮುಂದೆ ಆ ಬೀಸುಕಲ್ಲಿನ ಸದ್ದು ಮಾಡಿದಳು. ಭೀಮಪ್ಪನೂ ನಗಲಿಲ್ಲ.

ಮೇಸ್ತ್ರಿ ಅವಳ ಗಂಟಲು ನಡುಗುವುದನ್ನೇ ನೋಡಿದರು. "ಹಿಂದಿನ ಗಾಲಿ. ಬೇರಿಂಗ್" ಎಂದು ಎದ್ದರು.

ಗಾಲಿ ಬಿಚ್ಚಿ, ಬೇರಿಂಗ್ ಹೊರತೆಗೆದು ಮಾದೇವಿಯ ಅಂಗೈ ಮೇಲಿಟ್ಟು ಬೆರಳಿನಿಂದ ತಿರುಗಿಸಿದರು. ಒಳಗಿನ ಗುಂಡುಗಳು ಸವೆದು ಗರಗರ ಎನ್ನುತ್ತಿದ್ದವು. "ಇದು ಹಾದ್ಯಾಗ ಗಾಲಿ ಹಿಡಕೊಂಡಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಆಮೇಲೆ ಮೆಲ್ಲಗೆ ಕೇಳಿದರು. "ಬೇಟಿ, ನಿನಗ ತಿಳೀತಲ್ಲ?"

"ತಿಳಿಯೂದು ಏನೈತಿ ಚಾಚಾ? ನಿನ್ನಿ ಬಾಯಿಗೆ ಸೆರಗಿತ್ತು. ಇವತ್ತಿಲ್ಲ."

ಅವರು ಎಣ್ಣೆಗೈಯನ್ನು ಒರೆಸಿಕೊಂಡು, ಮಣಿಕಟ್ಟಿನಿಂದ ಅವಳ ತಲೆ ಮುಟ್ಟಿದರು.

ಅಂದಿನಿಂದ ಮಾದೇವಿ ಅವರ ಮುಂದೆ ಸೆರಗು ಬಾಯಿಗೆ ತರಲಿಲ್ಲ. ಬೇರೆ ಹಿರಿಯರ ಮುಂದೆ ತರುತ್ತಾಳೆ. ಮೇಸ್ತ್ರಿಯೊಡನೆ ಮಾತ್ರ ಎದುರು ನಿಂತು, ನಿಧಾನವಾಗಿ, ತುಟಿ ಕಾಣುವಂತೆ ಮಾತಾಡುತ್ತಿದ್ದಳು.

ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಕಣ್ಣೂ ಮಂಜಾದ ಮೇಲೆ ಮೇಸ್ತ್ರಿ ಶಾಂತಿನಗರದ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಅದಕ್ಕೂ ಮೊದಲು ಒಮ್ಮೆ ಅಲ್ಲಿಗೆ ಹೋಗಿದ್ದೆವು. ಹೊರಡುವಾಗ ಅಂಗಳದವರೆಗೆ ಬಂದು, ಚಾಲೂ ಇದ್ದ ಗಾಡಿಯ ಟ್ಯಾಂಕಿನ ಮೇಲೆ ಅಂಗೈ ಇಟ್ಟರು.

"ಈಗ ಹ್ಯಾಂಗಂತೈತಿ? ಬಾಯಿಲೆ ಮಾಡಿ ತೋರ್ಸು ಬೇಟಿ."

ಮಾದೇವಿ ಇಳಿದು, ಅವರಿಗೆ ಹತ್ತಿರವಾಗಿ, ಬಿಸಿಲಿಗೆ ಮುಖ ಮಾಡಿ ನಿಂತಳು. ಆಮೇಲೆ ತುಟಿ ಮುಚ್ಚಿ, ಒಳಗೊಳಗೇ, ಗಾಡಿಯಂತೆಯೇ ಒಂದೇ ಸಮನೆ ಗುಂಯ್‌ಗುಟ್ಟಿದಳು. ಹೊರಗೆ ಏನೂ ಕಾಣುತ್ತಿರಲಿಲ್ಲ. ತುಟಿಯೂ ಅಲುಗಲಿಲ್ಲ.

ಮೇಸ್ತ್ರಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಅವಳ ಮುಚ್ಚಿದ ಬಾಯಿಯನ್ನೇ ನೋಡಿದರು. ಟ್ಯಾಂಕಿನ ಮೇಲಿಂದ ಕೈ ತೆಗೆದರು.

"ಹಾಂ, ಬರೋಬರ್ ಐತಿ" ಅಂದರು. "ಹೋಗ್ರಿನ್ನ."