ಮರಕ್ಕೆ ಕಟ್ಟಿದ ಕಳ್ಳ, ಮಾತು ಕೊಟ್ಟ ಪೂಜಾರಿ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಒಂದು ಭಾನುವಾರ ಮಧ್ಯಾಹ್ನ, ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ ಕೂತುಕೊಂಡೇ ಒಬ್ಬ ಕಳ್ಳನನ್ನು ಮರಕ್ಕೆ ಕಟ್ಟಿಹಾಕಿದೆ.

ಗಾಬರಿ ಬೀಳಬೇಡಿ. ಆಟದಲ್ಲಿ.

ನನ್ನ ಮೊಮ್ಮಗಳು ಸಹನಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಭಾನುವಾರ ಬಂತೆಂದರೆ ಸ್ನೇಹಿತರನ್ನು ಮೇಜಿನ ಸುತ್ತ ಕೂರಿಸಿಕೊಂಡು ಆಟ ಹೂಡುತ್ತಾಳೆ. ರಾಕ್ಷಸರು, ಮಂತ್ರವಾದಿಗಳು ಇರುವ ಒಂದು ಸೀಮೆಯ ಕಥೆಯನ್ನು ಅವಳು ಹೇಳುತ್ತಾ ಹೋಗಬೇಕು. ಉಳಿದವರಿಗೆ ಆ ಕಥೆಯೊಳಗೆ ಒಂದೊಂದು ಪಾತ್ರ. ‘ನಾನು ಹೀಗೆ ಮಾಡ್ತೀನಿ’ ಎಂದು ಹೇಳಿ ಡೈಸ್ ಉರುಳಿಸಬೇಕು. (ಓಡುವುದಿಲ್ಲ, ಹಾರುವುದಿಲ್ಲ, ಬಾಯಿದ್ದರೆ ಸಾಕು. ನನಗೆ ಹೇಳಿ ಮಾಡಿಸಿದ ಆಟ.)

ಅವತ್ತು ಕೆಂಗೇರಿಯ ವಿನಯ್‌ಗೆ ಜ್ವರ. ಅವನ ಪಾತ್ರ ಒಬ್ಬ ಪೂಜಾರಿ. ಗಾಯಗೊಂಡವರನ್ನು ಮುಟ್ಟಿ ವಾಸಿಮಾಡುವವನು. ಅವನಿಲ್ಲದಿದ್ದರೆ ಇಡೀ ಗುಂಪಿಗೆ ಗತಿಯಿಲ್ಲ.

“ಅಜ್ಜಿ, ಇವತ್ತೊಂದಿನ ಅವನ ಪೂಜಾರೀನ ನೀನ್ ಆಡು” ಎಂದಳು ಸಹನಾ.

ಒಂದೊಂದು ಪಾತ್ರಕ್ಕೂ ಅದರ ಗುಣ ಬರೆದಿಟ್ಟ ಒಂದು ಹಾಳೆ. ಪೂಜಾರಿಯ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ನನಗೆಲ್ಲಿ ಓದಲು ಬರುತ್ತದೆ? ಚಂದ್ರಾ ಲೇಔಟಿನಿಂದ ಬರುವ ಪೂರ್ಣಿಮಾ ಬಿಡಿಸಿ ಹೇಳಿದಳು. “ಇದು ಅಲೈನ್‌ಮೆಂಟ್ ಅಜ್ಜಿ. ಒಬ್ಬ ಒಳ್ಳೆಯವನಾ ಕೆಟ್ಟವನಾ, ಮಾತಿಗೆ ನಿಲ್ತಾನಾ ತೋಚಿದಂಗ್ ಮಾಡ್ತಾನಾ ಅಂತ. ನಿಮ್ಮ ಪೂಜಾರಿ ಒಳ್ಳೆಯವನು, ಮಾತು ತಪ್ಪಲ್ಲ. ತಪ್ಪಿದ್ರೆ ದೇವರು ಕೊಟ್ಟ ಶಕ್ತಿ ಹೋಗುತ್ತೆ.”

ತಲೆಯಾಡಿಸಿದೆ. ಅಷ್ಟು ಹೊತ್ತಿಗೆ ಕಥೆಯಲ್ಲಿ ಒಬ್ಬ ಕಳ್ಳ ಸಿಕ್ಕಿಬಿದ್ದ. ದರೋಡೆಕೋರರ ಗುಹೆಗೆ ದಾರಿ ಗೊತ್ತಿದ್ದದ್ದು ಅವನೊಬ್ಬನಿಗೆ. ನಾನು ಅವನನ್ನು ಮರಕ್ಕೆ ಕಟ್ಟಿಸಿ, “ದಾರಿ ಹೇಳಪ್ಪ, ಬಿಟ್ಟುಬಿಡ್ತೀನಿ” ಎಂದೆ. ಸಹನಾ ಕಳ್ಳನ ದನಿಯಲ್ಲಿ ಅಳುತ್ತಾ ದಾರಿ ಹೇಳಿದಳು.

“ಸರಿ, ನಡೀರಿ ಹೋಗೋಣ. ಇವನು ಇಲ್ಲೇ ಬಿದ್ದಿರ್ಲಿ” ಎಂದೆ.

ಪೂರ್ಣಿಮಾ ತಲೆಯ ಮೇಲೆ ಕೈ ಹೊತ್ತಳು. “ಅಜ್ಜೀ! ಬಿಡ್ತೀನಿ ಅಂದ್ರಲ್ಲ!”

“ಬಿಟ್ರೆ ಓಡಿಹೋಗಿ ಅವರಿಗೆ ಹೇಳಲ್ವೇನೇ? ಕಳ್ಳ ಕಣೇ ಅವನು!”

“ಅವನು ಕಳ್ಳ ಸರಿ. ನೀವು ಪೂಜಾರಿ!”

ವಿನಯ್‌ಗೆ ಫೋನ್ ಹೋಯಿತು. ಸ್ಪೀಕರ್‌ನಲ್ಲಿ ಅವನ ಕಟ್ಟಿದ ಮೂಗಿನ ದನಿ. “ಎರಡು ವರ್ಷದಿಂದ ಸಾಕಿದೀನಿ ಅಜ್ಜಿ ಆ ಪೂಜಾರೀನ. ಒಂದ್ ಸುಳ್ಳು ಹೇಳ್ಸಿಲ್ಲ. ಒಂದೇ ಮಧ್ಯಾಹ್ನಕ್ಕೆ ಕೆಡಿಸ್ಬಿಟ್ರಲ್ಲ!” ದನಿ ನಡುಗಿತ್ತು. ಜ್ವರಕ್ಕೋ ಅಳುವಿಗೋ ತಿಳಿಯಲಿಲ್ಲ.

ನಮ್ಮ ರಸ್ತೆಯಲ್ಲಿ ಇಂಥ ಪಂಚಾಯ್ತಿ ಹೇಗೆ ನಡೆಯುತ್ತದೆ ಗೊತ್ತೇ? ಒಬ್ಬನಿಗೆ ಒಮ್ಮೆ ‘ಒಳ್ಳೆ ಮನುಷ್ಯ’ ಎಂಬ ಹೆಸರು ಬಂದರೆ ಮುಗಿಯಿತು. ದಿನಾ ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿದರೂ ಅವನು ಒಳ್ಳೆಯವನೇ. ಇನ್ನೊಬ್ಬನಿಗೆ ‘ರೌಡಿ’ ಎಂಬ ಹೆಸರು. ಪಕ್ಕದ ಮನೆಯವರನ್ನು ಆಸ್ಪತ್ರೆಗೆ ಹೊತ್ತೊಯ್ದರೂ, ‘ಏನೋ ಲಾಭ ಇರಬೇಕು ಬಿಡಿ’ ಎನ್ನುತ್ತಾರೆ. ಮಾಡಿದ್ದನ್ನು ಯಾರು ನೋಡುತ್ತಾರೆ?

ಸಹನಾ ನೋಡಿದಳು. ಮೊದಲು ಎಲ್ಲರ ಬಾಯಿ ಮುಚ್ಚಿಸಿದಳು. “ಅಜ್ಜಿ, ಯಾಕೆ ಹಂಗ್ ಮಾಡ್ದೆ, ಪೂರ್ತಿ ಹೇಳು. ಅಲ್ಲೀವರೆಗೂ ಯಾರೂ ಮಧ್ಯ ಮಾತಾಡೋ ಹಂಗಿಲ್ಲ.” ಅದು ಅವರ ಮೇಜಿನ ಕಟ್ಟುಪಾಡಂತೆ. ಹೇಳಿದೆ. ಎಲ್ಲರೂ ತೆಪ್ಪಗೆ ಕೇಳಿದರು. (ನನ್ನ ಮದುವೆಯಾದಾಗಿನಿಂದ ಹೀಗೆ ಯಾರೂ ಕೇಳಿರಲಿಲ್ಲ.)

ಆಮೇಲೆ ತೀರ್ಪು. “ಒಂದು ಕೆಲ್ಸಕ್ಕೆ ಯಾರೂ ಕೆಟ್ಟವರಾಗಿಬಿಡಲ್ಲ ವಿನಯ್. ಹಾಳೇಲಿ ಇರೋದನ್ನ ನಾನು ಅಳಿಸಲ್ಲ. ಆದ್ರೆ ಕಳ್ಳನ್ನ ಇನ್ನೂ ಮರದಿಂದ ಬಿಚ್ಚಿಲ್ಲ. ಕಥೇಲಿ ಈಗ ರಾತ್ರಿ. ಬೆಳಿಗ್ಗೆ ಪೂಜಾರಿ ಪ್ರಾರ್ಥನೆ ಮಾಡ್ತಾನಲ್ಲ, ಆಗ ದೇವರು ಶಕ್ತಿ ಕೊಡ್ತಾನಾ ಇಲ್ವಾ ಅನ್ನೋದು, ಅಷ್ಟರೊಳಗೆ ಪೂಜಾರಿ ಏನ್ ಮಾಡ್ತಾನೆ ಅನ್ನೋದರ ಮೇಲೆ. ಮಿಕ್ಕಿದ್ದು ಮುಂದಿನ ಭಾನುವಾರ.”

ಬೈಗುಳವಿಲ್ಲ, ಮಾಫಿಯೂ ಇಲ್ಲ. ಇಷ್ಟು ಸಣ್ಣ ಹುಡುಗಿಗೆ ಇದನ್ನು ಯಾರು ಕಲಿಸಿದರು? ನಾನಂತೂ ಅಲ್ಲ. ಅವಳಪ್ಪನೂ ಅಲ್ಲ, ಅವನನ್ನು ನಾನು ಬಲ್ಲೆ. ಇವಳು ಬ್ಯಾಂಕ್ ಬಿಟ್ಟು ಕೋರ್ಟಿಗೆ ಹೋಗಿದ್ದರೆ ಎಷ್ಟೋ ಮನೆ ಉಳಿಯುತ್ತಿದ್ದವು.

“ಮುಂದಿನ ವಾರ ನಾನೇ ಬಂದು ಸರಿಮಾಡ್ತೀನಿ ಬಿಡಿ ಅಜ್ಜಿ” ಎಂದು ವಿನಯ್ ಫೋನಿಟ್ಟ.

ಅವನು ಯಾಕೆ ಸರಿಮಾಡಬೇಕು? ಮಾತು ಕೊಟ್ಟದ್ದು ಅವನೇ?

ಮಾರನೆಯ ಬೆಳಿಗ್ಗೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದ ಸಹನಾಳನ್ನು ಅಡ್ಡಹಾಕಿ ಆ ಕಳ್ಳನ ಹಗ್ಗ ಬಿಚ್ಚಿಸಿದೆ. ಒಲೆಯ ಮೇಲೆ ಹಾಲಿಟ್ಟದ್ದು ಆಮೇಲೆ.