ಪಾಲಾದ ಜೋಡಿ ರೆಕಾರ್ಡು

ಹೋದ ತಿಂಗಳು ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ನಮ್ಮ ಮನೆಯವರ ಮುಂದೆ ನಿಂತು ಕೇಳಿದ: "ಯಜಮಾನ್ರ, ಏನ್ರೀ ಅದು? ದೇವ್ರ ಫೋಟೋನ?"

ಕೇಳದೆ ಏನು ಮಾಡುತ್ತಾನೆ? ಟವೆಲ್ಲಿನಲ್ಲಿ ಸುತ್ತಿದ ಚೌಕದ ವಸ್ತುವೊಂದನ್ನು ಎದೆಗೆ ಅವಚಿಕೊಂಡು ಕೂತಿದ್ದರು. ಮೇಲೆ ಇಡಿ ಅಂದರೆ ಇಡಲಿಲ್ಲ. ನನ್ನ ಕೈಗೆ ಕೊಡಿ ಅಂದರೆ ಕೊಡಲಿಲ್ಲ. (ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಕೂಸನ್ನು ಎತ್ತಿಕೊಂಡು ಬಂದದ್ದು ನಾನು. ಇವರು ಫ್ಲಾಸ್ಕು ಹಿಡಿದುಕೊಂಡಿದ್ದರು.)

"ಹಾಡು," ಅಂದರು ಇವರು.

"ಹಾಡಾ?"

"ಅರ್ಧ ಹಾಡು. ಇನ್ನರ್ಧ ಸಿಂಧನೂರಾಗ ಐತಿ."

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಕಿಟಕಿಯ ಆಚೆ ನೋಡಿದೆ. ಇಂಥದ್ದನ್ನೆಲ್ಲ ಎರಡು ಸ್ಟಾಪುಗಳ ನಡುವೆ ಹೇಳಿ ಮುಗಿಸಲಾಗುತ್ತದೆಯೇ? ಅವನಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮ ಮನೆಯವರದು ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟ್ ಕೆಲಸ. ಎಂಬತ್ತರ ದಶಕದ ಶುರುವಿನಲ್ಲಿ ವರ್ಗವಾಗಿ ಹೊರಟ ಅಧಿಕಾರಿಯೊಬ್ಬರು ಸಾಮಾನು ಕಟ್ಟುವಾಗ ಇವರಿಗೆ ಒಂದು ರೆಕಾರ್ಡ್ ಪ್ಲೇಯರನ್ನೂ ಒಂದು ಜೋಡಿ ರೆಕಾರ್ಡನ್ನೂ ಕೊಟ್ಟು ಹೋದರು. ಕವರಿನಲ್ಲಿ ಗಾಯಕನ ಹೆಸರಿದ್ದ ಜಾಗವನ್ನು ಗೆದ್ದಲು ತಿಂದಿತ್ತು. ಉಳಿದದ್ದು ಒಂದು ಟೋಪಿ, ಅರ್ಧ ನಗು. ಅಮೆರಿಕದ ಕಪ್ಪು ಗಾಯಕ ಅನ್ನುವುದು ಗೊತ್ತಾಯಿತು. ಅವರ ಆ ಸಂಗೀತಕ್ಕೆ ಸೋಲ್ ಅನ್ನುತ್ತಾರಂತೆ, ಆತ್ಮದ ಹಾಡು. ನಮ್ಮ ಕ್ವಾರ್ಟರ್ಸಿನಲ್ಲಿ ಅವನಿಗೆ ಹೆಸರೇ ಬೇಕಾಗಲಿಲ್ಲ. ಬರೀ 'ಅವ'.

ಅವ ಹಾಡುತ್ತಿದ್ದ ರೀತಿ ನಮಗೆ ಹೊಸದೇನೂ ಅಲ್ಲ. ಅವನೊಂದು ಸಾಲು ಎತ್ತುತ್ತಾನೆ, ಹಿಂದಿನ ಹೆಂಗಸರು ಅದನ್ನೇ ತಿರುಗಿಸಿ ಕೊಡುತ್ತಾರೆ. ನಮ್ಮ ಭಜನೆಯವರೂ ಹಾಗೇ ತಾನೇ? ಪಕ್ಕದ ಕ್ವಾರ್ಟರ್ಸಿನ ಅಜ್ಜಿ ಮೊದಲ ಸಲ ಕೇಳಿದಾಗಲೇ ತೊಡೆ ತಟ್ಟಿ ತಾಳ ಹಾಕಿದಳು. ಮಾತು ತಿಳಿಯುತ್ತಿರಲಿಲ್ಲ ಅಷ್ಟೇ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳೆಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ನನಗೋ 'ಹೋಮ್' ಅನ್ನುವುದೊಂದು, 'ಟ್ರೇನ್' ಅನ್ನುವುದೊಂದು ಸ್ಪಷ್ಟವಾಗಿ ಕೇಳುತ್ತಿತ್ತು. ಉಳಿದದ್ದಕ್ಕೆ ಗಂಭೀರವಾಗಿ ತಲೆ ಆಡಿಸುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ಮೇಷ್ಟ್ರೂ ಹಾಗೇ ಮಾಡುತ್ತಿದ್ದರು.

ಈಗ ಸ್ವಲ್ಪ ಗಮನವಿಟ್ಟು ಕೇಳಿ. ಎರಡು ರೆಕಾರ್ಡು ಅಂದರೆ ನಾಲ್ಕು ಬದಿ. ನಮ್ಮ ಮೊದಲ ರೆಕಾರ್ಡಿನ ಒಂದು ಬದಿಗೆ 1 ಅಂತ ಬರೆದಿತ್ತು, ಬೆನ್ನಿಗೆ 4! ಎರಡನೆಯದಕ್ಕೆ ಒಂದು ಬದಿ 2, ಬೆನ್ನಿಗೆ 3. ಯಾಕೆ ಹೀಗೆ? (ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ತಾನಾಗಿಯೇ ಒಂದೊಂದು ಬಿದ್ದು 1, 2 ಹಾಡುವ, ಆಮೇಲೆ ಎರಡನ್ನೂ ಒಟ್ಟಿಗೆ ತಿರುವಿಟ್ಟರೆ 3, 4 ಹಾಡುವ ಯಂತ್ರಗಳಿದ್ದವಂತೆ, ಅದಕ್ಕಾಗಿ ಹೀಗೆ. ಇದು ನನಗೆ ತಿಳಿದದ್ದು ತೀರ ಈಚೆಗೆ. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಜಗಳ ಮತ್ತೆ ಮೊದಲಿಂದ ಶುರುವಾಗುತ್ತದೆ.)

ಮೊದಲ ಬದಿಯಲ್ಲಿ ಅವ ಮನೆ ಬಿಟ್ಟು ಹೊರಡುತ್ತಾನೆ. ಡ್ರಮ್ಮು ರೈಲಿನ ಹಾಗೆ ಓಡುತ್ತದೆ. ಎರಡನೆಯದು ಪಟ್ಟಣ. ತುತ್ತೂರಿಗಳ ಗದ್ದಲ, ಬೈದಾಟ, ದುಡಿತ. ಮೂರನೆಯದರಲ್ಲಿ ಎಲ್ಲ ವಾದ್ಯ ನಿಂತು ಒಂದು ಆರ್ಗನ್ನು, ಒಂದು ಕೊರಳು. ಕೊನೆಗೆ ಮಾತೂ ಮುಗಿದು ಬರೀ ಗುನುಗುತ್ತ ದೂರವಾಗುತ್ತಾನೆ. ಅದನ್ನು ಕೇಳಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸಿಬಿಡುತ್ತಿದ್ದೆ. ನಾಲ್ಕನೆಯದು ಹಬ್ಬ. ಚಪ್ಪಾಳೆ, ಮಕ್ಕಳ ನಗು, ಹೋಮ್ ಹೋಮ್ ಹೋಮ್. ಅಂದರೆ ಮನೆಗೆ ಬಂದ. ಎಲ್ಲ ಸುಖಾಂತ.

ನಂಬರಿನ ಪ್ರಕಾರ ಹಾಕಿದರೆ ತಾನೇ ಹೀಗೆ?

ಅಲ್ಲೇ ಇದ್ದದ್ದು ತಕರಾರು. ನನ್ನ ತಮ್ಮ ಶರಣಪ್ಪ ಸಿಂಧನೂರಿನಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟವನು. ಜನ ಖಾಲಿ ಕ್ಯಾಸೆಟ್ ಕೊಟ್ಟು ಇಂಥಿಂಥ ಹಾಡು ತುಂಬಿಕೊಡು ಅನ್ನುತ್ತಿದ್ದರು, ಇವನು ರೆಕಾರ್ಡಿನಿಂದ ತುಂಬಿಕೊಡುತ್ತಿದ್ದ. ಅವನ ಕಸುಬಿನಲ್ಲಿ ಒಂದು ಶಿಸ್ತು: ಪ್ಲೇಯರಿನ ತಟ್ಟೆಗೆ ಏರಿಸಿದ ರೆಕಾರ್ಡನ್ನು ಎರಡೂ ಬದಿ ಹಾಡಿಸದೆ ಇಳಿಸಬಾರದು. ರವಿವಾರ ಹಟ್ಟಿಗೆ ಬಂದರೆ ಒಂದು ಮುಗಿದ ಕೂಡಲೇ ತಿರುವಿ ನಾಲ್ಕನ್ನು ಹಾಕುತ್ತಿದ್ದ. ಆಮೇಲೆ ಎರಡು, ಮೂರು. ಅವನ ಲೆಕ್ಕದಲ್ಲಿ ಅವ ಮನೆ ಬಿಟ್ಟ, ಬೇಗನೇ ಮನೆಗೆ ಬಂದ. ಬಂದ ಮೇಲೆ ಬೈದಾಟ ಶುರು. ಕೊನೆಗೆ ಒಂಟಿಯಾಗಿ ಗುನುಗಿದ.

ಮನೆಯವರು ಕೆರಳುತ್ತಿದ್ದರು. "ನಂಬರ್ ಯಾಕ ಬರದಾರಪಾ ಹಂಗಾರ? ಗಣ್ಯಾಗ ಎರಡನೇ ಮಟ್ಟ ಬಿಟ್ಟು ನಾಲ್ಕಕ್ಕ ಇಳೀತಾರೇನು?"

"ಮಾವಾ, ಇದು ಗಣಿ ಅಲ್ಲ. ಹಾಡು."

ಹೀಗೆ ಎಷ್ಟು ರವಿವಾರ ಕಳೆದವೋ. ಮೆಣಸಿನಕಾಯಿ ಭಜಿ, ಚುರುಮುರಿ, ಚಹಾ, ಚರ್ಚೆ. ಆಳವಾದ ಚರ್ಚೆ, ಮತ್ತೆ! ಆರ್ಗನ್ನು ಯಾಕೆ ತಡವಾಗಿ ಬರುತ್ತದೆ, ಹಿಂದಿನ ಹೆಂಗಸರು ಅವನ ಪರವೋ ವಿರುದ್ಧವೋ, ಮೂರನೇ ಬದಿಯಲ್ಲಿ ಒಬ್ಬಳೇ ಉಳಿದು ದನಿಗೂಡಿಸುವ ಹೆಂಗಸು ಅವನ ತಾಯಿಯೋ ಹೆಂಡತಿಯೋ. ನಾನೂ ಶರಣಪ್ಪನ ಹೆಂಡತಿ ಶಾಂತಾಳೂ ಒಳಗೆ ಎಣ್ಣೆಯ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆವು.

ಒಂದು ವರ್ಷ ಶಾಂತಾ ಜಗಳ ಮಾಡಿಕೊಂಡು ತವರಿಗೆ, ಮುಕ್ಕುಂದಕ್ಕೆ, ಹೋಗಿಬಿಟ್ಟಳು. ಭತ್ತದ ನಾಟಿಯ ಹೊತ್ತಿಗೆ ಹೋದವಳು ಕಟಾವು ಮುಗಿದ ಮೇಲೆ ತಾನಾಗಿ ವಾಪಸ್ ಬಂದಳು. ಮನೆಗೆ ಬಂದಳಲ್ಲ, ಸಾಕು ಅಂದರು ಎಲ್ಲರೂ. ಆದರೆ ಅವರ ಮನೆಯಲ್ಲಿ ಮಾತುಕತೆ ಇಲ್ಲ ಅನ್ನುವುದು ನಮಗೆ ಗೊತ್ತಿತ್ತು.

ಆಮೇಲಿನ ರವಿವಾರವೇ ಹಟ್ಟಿಗೆ ಇಬ್ಬರೂ ಬಂದರು. ಶರಣಪ್ಪ ತನ್ನ ಕ್ರಮದಲ್ಲೇ ಹಾಕಿದ. ಮೂರನೇ ಬದಿ ಮುಗಿಯುತ್ತ ಬಂದಾಗ ಅಂದ: "ಮನಿಗೆ ಬಂದ ಮ್ಯಾಲೆ ಎಲ್ಲಾ ಸರಿ ಆಗತೈತಿ ಅಂತ ಯಾರು ಹೇಳ್ಯಾರ ಮಾವಾ? ಬಂದ ಮ್ಯಾಲೇ ಅಸಲಿ ಪಂಚಾಯ್ತಿ."

ಹಾಡು ಕೇಳಲು ಕೂತಿದ್ದ ಅಕ್ಕಪಕ್ಕದವರ ಮುಂದೆ ನಮ್ಮವರು ನಗುತ್ತ ಅಂದುಬಿಟ್ಟರು: "ಅದು ನಿನ್ನ ಮನಿ ಕಥಿ ಲೇ! ಪಾಪ, ಆ ಅಮೆರಿಕದವನ ಕೊರಳಿಗೆ ಯಾಕ ಕಟ್ತೀ?"

ಎಲ್ಲರೂ ನಕ್ಕರು. ಶರಣಪ್ಪ ನಗಲಿಲ್ಲ. ತಟ್ಟೆಯ ಮೇಲಿದ್ದ ರೆಕಾರ್ಡನ್ನು ಎತ್ತಿಕೊಂಡ, ಚಪ್ಪಲಿ ಮೆಟ್ಟಿದ, ನಡೆದ. ಶಾಂತಾ ಹಿಟ್ಟಿನ ಕೈ ತೊಳೆದುಕೊಂಡು ಅವನ ಹಿಂದೆ ಹೋದಳು.

ಹೀಗೆ ನಮ್ಮಲ್ಲಿ ಹೊಲ ಅಲ್ಲ, ಮನೆ ಅಲ್ಲ, ಹಾಡು ಪಾಲಾಯಿತು. ಮತ್ತು ಎಂಥ ಪಾಲು! ಹಟ್ಟಿಯಲ್ಲಿ ಉಳಿದದ್ದು 1 ಮತ್ತು 4. ಅವ ಮನೆ ಬಿಡುತ್ತಾನೆ, ತಿರುವಿ ಹಾಕಿದರೆ ಮನೆಗೆ ಬಂದಿರುತ್ತಾನೆ, ಮಸ್ಕಿ ಸಂತೆಗೆ ಹೋಗಿ ಬಂದವನ ಹಾಗೆ. ಸಿಂಧನೂರಿನಲ್ಲಿ ಬರೀ ನಡುವಿನದು. ಎಲ್ಲಿಂದ ಬಂದ, ಎಲ್ಲಿಗೆ ಹೋದ, ಗೊತ್ತಿಲ್ಲ. ದುಡಿಯುತ್ತಾನೆ, ಬೈಯುತ್ತಾನೆ, ಗುನುಗುತ್ತಾನೆ. ಇಬ್ಬರು ಗಂಡಸರೂ ಇದ್ದದ್ದರಲ್ಲೇ ತೃಪ್ತರಂತೆ ನಟಿಸಿದರು. ಹಬ್ಬಕ್ಕೆ ನಾನೊಬ್ಬಳೇ ತಮ್ಮನ ಮನೆಗೆ ಹೋಗಿ ಬರುತ್ತಿದ್ದೆ. ನಾನು ಬಸ್ಸು ಇಳಿದ ಹೊತ್ತಿನಿಂದ ಮತ್ತೆ ಹತ್ತುವ ತನಕ ಅವನು ಮಾವನ ಹೆಸರು ಎತ್ತುತ್ತಿರಲಿಲ್ಲ.

ಈ ವರ್ಷ ಮಗಳು ಕವಿತಾಳ ಮದುವೆ ಗೊತ್ತಾಯಿತು. ಮಸ್ಕಿಯ ಕಲ್ಯಾಣ ಮಂಟಪ. ಈಗ ಹೇಳಿ, ಸೋದರಮಾವ ಕೈಹಿಡಿದು ಕರೆತರದೆ ನಮ್ಮಲ್ಲಿ ಮದುಮಗಳು ಮಂಟಪಕ್ಕೆ ಬರುತ್ತಾಳೆಯೇ? ನಾನು ಕುಂಕುಮ ಹಿಡಿದು ಸಿಂಧನೂರಿಗೆ ಹೋದೆ.

"ಅಕ್ಕಾ, ನಿನ್ನ ಮ್ಯಾಲೆ ನಂದೇನೂ ಸಿಟ್ಟಿಲ್ಲ," ಅಂದ ಶರಣಪ್ಪ. "ಮಾವ ಬಂದು ಕರೀಲಿ. ಬರ್ತೀನಿ."

ಇವರಿಗೆ ಹೇಳಿದೆ. "ರೆಕಾರ್ಡ್ ಎತ್ಕೊಂಡು ಹೋದಾವ ಅವ. ನಾ ಯಾಕ ಹೋಗ್ಲಿ?"

ದಿನ ಹತ್ತಿರ ಬರುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಬೀಗರ ಮುಂದೆ ಯಾರನ್ನು ನಿಲ್ಲಿಸಲಿ? ದೂರದ ಸಂಬಂಧಿಕರಲ್ಲಿ ಒಬ್ಬನನ್ನು ಸೋದರಮಾವ ಎಂದು ಹಿಡಿದು ತರಲೇ? ಬೆನ್ನಿಗೆ ಬಿದ್ದ ತಮ್ಮ ಎರಡು ತಾಸಿನ ದಾರಿಯಲ್ಲಿ ಜೀವಂತ ಕೂತಿರುವಾಗ?

ದಾರಿ ಕಂಡುಹಿಡಿದದ್ದು ಕವಿತಾ. ಅಪ್ಪನ ಮುಂದೆ ಕೂತು ಹೇಳಿದಳು: "ಅಪ್ಪಾ, ಗಂಡನ ಮನಿಗೆ ಹೋಗುವಾಗ ನನಗ ಆ ಹಾಡು ಪೂರಾ ಬೇಕು. ಒಂದು ಕ್ಯಾಸೆಟ್ಟಿನ್ಯಾಗ ತುಂಬಿಸಿ ಕೊಡು. ಅರ್ಧ ಕೇಳಿಕೋಂತ ದೊಡ್ಡಾಕಿ ಆಗೀನಿ."

"ಬಂಗಾರದ ಬದಲಿಗೇನು?" ಅಂದರು ಇವರು, ಆಸೆಯಿಂದ.

"ಬಂಗಾರದ ಜೊತಿಗೆ."

ಮಗಳಿಗೆ ಇಲ್ಲ ಅನ್ನುವ ಮನುಷ್ಯನಲ್ಲ. ನನ್ನ ಕೈಯಲ್ಲಿ ರೆಕಾರ್ಡು ಕಳಿಸಿಬಿಡಿ ಅಂದೆ. "ನನ್ನ ರೆಕಾರ್ಡ್ ಅವನ ಕೈಯಾಗ ಕೊಡಂಗಿಲ್ಲ. ನಾನೇ ಹಿಡ್ಕೊಂಡು ಕುಂದ್ರತೀನಿ," ಅಂದರು. ಹೀಗೆ ಅವರ ಹಟವೇ ಅವರನ್ನು ಬಸ್ಸು ಹತ್ತಿಸಿತು. ಅದೇ ಟವೆಲ್ಲು, ಅದೇ ಕಂಡಕ್ಟರು.

ಶರಣಪ್ಪನ ಅಂಗಡಿಯಲ್ಲಿ 'ರೆಕಾರ್ಡಿಂಗ್ ನಡೆದಾಗ ಮಾತನಾಡಬೇಡಿ' ಎಂದು ಬೋರ್ಡಿದೆ. ಇಂಥ ಉಪಕಾರಿ ಬೋರ್ಡನ್ನು ನಾನು ಬೇರೆಲ್ಲೂ ನೋಡಿಲ್ಲ. "ಬರ್ರಿ ಮಾವ" ಅಂದವನು ಅದರ ಕೆಳಗೆ ಕೂತ, ಇವರು "ಹೂಂ" ಅಂದು ಎದುರಿಗೆ ಕೂತರು. ಮೊದಲ ಬದಿ ಶುರುವಾಯಿತು. ರೈಲಿನ ಡ್ರಮ್ಮು. ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತ ಕೂತರು, ಆದರೆ ಒಂದೇ ತಾಳಕ್ಕೆ ಕಾಲು ಆಡಿಸುತ್ತಿದ್ದರು. ನಡುವಿನ ಬಾಗಿಲ ಆಚೆ ಅಡುಗೆಮನೆ. ಶಾಂತಾ ಚಹಾಕ್ಕೆ ಇಟ್ಟಿದ್ದಳು.

ಬದಿ ಮುಗಿಯಿತು. ಶರಣಪ್ಪ ರೆಕಾರ್ಡನ್ನು ಎರಡೂ ಅಂಗೈ ನಡುವೆ ಎತ್ತಿ ಹಿಡಿದ. ತಿರುವಿದರೆ ಇವನ ಕ್ರಮ, ಮಾವನಿಗೆ ಸಿಟ್ಟು. ಬದಲಿಸಿದರೆ ಮಾವನ ಕ್ರಮ, ಇವನಿಗೆ ಸೋಲು. ಮಗಳ ಮದುವೆ ಅವನ ಎರಡು ಅಂಗೈ ನಡುವೆ ಕಪ್ಪಗೆ ಹೊಳೆಯುತ್ತಿತ್ತು.

ಇವರು ಕೆಮ್ಮಿದರು. "ತಿರುವಿ ಹಾಕಪಾ. ನಿನ್ನಂಗ ಹಾಕು."

"ಬ್ಯಾಡ ಮಾವ. ನಂಬರ್ ಪ್ರಕಾರ ಹಾಕ್ತೀನಿ."

"ಏ, ನಾ ಹೇಳಾಕತ್ತೀನಲ್ಲ! ಸೋದರಮಾವ ನೀನು."

"ಹಿರಿಯರು ನೀವು. ನಿಮ್ಮಂಗ ಆಗಲಿ."

"ಹಾಕ್ತೀಯೋ ಇಲ್ಲೋ?"

"ಜಬರ್ದಸ್ತಿ ಮಾಡಬ್ಯಾಡ್ರಿ ಮಾವಾ!"

ನೋಡಿದಿರಾ? ಬಿಟ್ಟುಕೊಡುವುದಕ್ಕೂ ಅದೇ ದನಿ, ಅದೇ ಕೆಂಪು ಕಣ್ಣು. ಹಿಂದೆ ಸೋಲಬಾರದೆಂದು ಕೂಗಾಡಿದವರು ಈಗ ಗೆಲ್ಲಬಾರದೆಂದು ಕೂಗಾಡುತ್ತಿದ್ದರು. ಟೇಪ್ ನಿಲ್ಲಿಸುವುದನ್ನೂ ಶರಣಪ್ಪ ಮರೆತಿದ್ದ. ಕ್ಯಾಸೆಟ್ಟು ಖಾಲಿ ಓಡುತ್ತಿತ್ತು.

ಆಗ ಶಾಂತಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ತಟ್ಟೆಯನ್ನು ಕೌಂಟರಿನ ಮೇಲಿಟ್ಟು ಟೇಪ್ ನಿಲ್ಲಿಸಿದಳು. ದನಿ ಏರಿಸಲಿಲ್ಲ.

"ಅವ ಮನಿಗೆ ಬಂದ ಮ್ಯಾಲೆ ಸುಖ ಆತೋ ದುಃಖ ಆತೋ ಅಂತ ಇಷ್ಟು ವರ್ಷ ಬಡದಾಡಿದ್ರಿ. ಮನಿ ಬಿಟ್ಟು ಹೋಗಿ ವಾಪಸ್ ಬಂದಾಕಿ ಇಲ್ಲೇ ಒಳಗ ಚಾ ಕಾಸಾಕತ್ತಿದ್ಲು. ಆಕಿನ್ನ ಒಬ್ಬರರ ಕೇಳಿದ್ರೇನು?"

ಅಂಗಡಿಯ ಬೋರ್ಡು ಮೊದಲ ಸಲ ಪೂರ್ತಿ ಪಾಲನೆಯಾಯಿತು.

ಇವರು ಎದ್ದು ನಿಂತರು. ನಾನು ಮದುವೆಯಾದಾಗಿನಿಂದ ಈ ಮನುಷ್ಯನ ಮುಖ ಅಷ್ಟು ಸಣ್ಣದಾದದ್ದು ನೋಡಿರಲಿಲ್ಲ. "ತಪ್ಪಾತವ್ವ ಶಾಂತಾ. ಅವತ್ತು ನಾ ಆ ಮಾತು ಅನ್ನಬಾರದಿತ್ತು."

"ಇರಲಿ ಬಿಡ್ರಿ ಅಣ್ಣಾರ," ಅಂದಳು. ಗಂಡನ ಕೈಯಿಂದ ರೆಕಾರ್ಡು ತೆಗೆದುಕೊಂಡು ಸೆರಗಿನಿಂದ ಒರೆಸಿ, ತಿರುವಿ, ನಾಲ್ಕನೇ ಬದಿ ಮೇಲೆ ಬರುವಂತೆ ಪ್ಲೇಯರಿಗೆ ಇಟ್ಟಳು. "ಮನಿಗೆ ಬರೂದು ನಡುವೇ ಇರಲಿ. ಬಂದ ಮ್ಯಾಲೂ ದಿನಾ ಇರತಾವಲ್ಲ."

ಟೇಪ್ ಮತ್ತೆ ಓಡಿತು. ಚಪ್ಪಾಳೆ, ಮಕ್ಕಳ ನಗು. ಆಮೇಲೆ ತುತ್ತೂರಿ. ಆಮೇಲೆ ಆರ್ಗನ್ನು. ಕೊನೆಯ ಗುನುಗು ದೂರವಾಗುವಾಗ ನಾನು ಶಾಂತಾಳ ಕಡೆ ನೋಡಿದೆ. ಆಕೆ ಅಳುತ್ತಿರಲಿಲ್ಲ. ಸಣ್ಣ ದನಿಯಲ್ಲಿ ತಾನೂ ಗುನುಗುತ್ತಿದ್ದಳು. ಆ ಬದಿ ಆಕೆಗೆ ಬಾಯಿಪಾಠವಾಗಿತ್ತು.

ಶರಣಪ್ಪ ಮದುವೆಗೆ ಬಂದ. ಹಸಿರು ಸೀರೆ ತಂದ, ಕವಿತಾಳ ಕೈಹಿಡಿದು ಮಂಟಪಕ್ಕೆ ಕರೆತಂದ, ಮಾವನಿಗಿಂತ ಜೋರಾಗಿ ಅತ್ತ. ಕವಿತಾ ಕ್ಯಾಸೆಟ್ಟು ತೆಗೆದುಕೊಂಡು ಹೋಗಿದ್ದಾಳೆ, ಬಂಗಾರವನ್ನೂ.

ಶಾಂತಾ ಹೇಳಿದ ಮಾತಂತೂ ನಮ್ಮ ಬಳಗದಲ್ಲಿ ಭಾರಿ ಫೇಮಸ್ ಆಗಿದೆ. ಇವರು ಹಟ್ಟಿಯಲ್ಲಿ ಹೇಳುತ್ತಾರೆ, ಶರಣಪ್ಪ ಗಿರಾಕಿಗಳಿಗೆ ಹೇಳುತ್ತಾನೆ, ನಾನೀಗ ನಿಮಗೆ ಹೇಳಿದೆ. ಕೇಳಿದವರೆಲ್ಲ ತಲೆದೂಗಿ "ವಾಹ್, ಏನು ಮಾತಾಡಿದಳ್ರೀ ಆಕಿ!" ಅನ್ನುತ್ತಾರೆ.

ಆದರೆ ಆಕೆ ಅವತ್ತು ಯಾಕೆ ಹೋಗಿದ್ದಳು, ಯಾಕೆ ಬಂದಳು ಅಂತ ಇವತ್ತಿಗೂ ಯಾರಾದರೂ ಆಕೆಯನ್ನು ಕೇಳಿದ್ದೇವೆಯೇ?