ಕಿಟಕಿ ಪಕ್ಕದ ಸೀಟು

ಹೌದು ಫ್ರೆಂಡ್ಸ್, ಈ ಚಳಿ ದೇಶದ ನಮ್ಮೂರು ಲಿಂಕೋಪಿಂಗ್‌ನ ಆ ಪುಟ್ಟ ಕೆಫೆ ಮೇಲೆ ಕೇಸ್ ಹಾಕಿದ್ದು ನಾನೇ. ಬಾಗಿಲಿಗೆ ಎರಡು ಮೆಟ್ಟಿಲು, ನನ್ನದು ವೀಲ್‌ಚೇರ್. ಮೂರು ವರ್ಷ ಕೇಳಿದರೂ ರ‍್ಯಾಂಪ್ ಬರಲಿಲ್ಲ.

ಇವತ್ತು ಅದರ ಮುಂದೆಯೇ ಕನ್ನಡ ಬಳಗದ ಸುಮಕ್ಕ ಸಿಕ್ಕಿದರು.

"ಪಾಪ, ಗಂಡ ಹೆಂಡ್ತಿ ಇಬ್ಬರೇ ನಡೆಸೋ ಅಂಗಡಿ ಕಣೇ. ಒಂದು ಮಾತು ಹೇಳಿದ್ರೆ ನಮ್ಮ ಹುಡುಗ್ರೇ ನಿನ್ನ ಎತ್ತಿ ಒಳಗೆ ಕೂರಿಸ್ತಿರಲಿಲ್ವಾ?"

"ಯುಗಾದಿ ಫಂಕ್ಷನ್‌ಗೆ ಎತ್ತಿದ್ರಲ್ಲ ಅಕ್ಕ, ಹಾಲ್ ಪೂರ್ತಿ ಚಪ್ಪಾಳೆ. ನನಗೆ ಒಂದೇ ಒಂದು ಸಲ, ಯಾರೂ ತಿರುಗಿ ನೋಡದ ಹಾಗೆ ಒಳಗೆ ಹೋಗಿ, ಆ ಕಿಟಕಿ ಪಕ್ಕ ಕೂತು ಏಲಕ್ಕಿ ಬನ್ ತಿನ್ನಬೇಕು."

ಸುಮಕ್ಕನ ಕಣ್ಣು ತುಂಬಿತು. ಒಳಗಿಂದ ನನಗೊಂದು ಕಾಫಿ ತಂದುಕೊಟ್ಟರು. ಆಮೇಲೆ "ಅಯ್ಯೋ, ಏನು ಚಳಿ!" ಅಂತ ತಾವು ಒಳಗೆ ಹೋಗಿ ಕೂತು, ಗಾಜಿನ ಆಚೆಯಿಂದ ಕೈ ಬೀಸಿದರು.

ಕಿಟಕಿ ಪಕ್ಕದ ಸೀಟು ಬಹಳ ಬೆಚ್ಚಗಿದೆಯಂತೆ.